ಮರವಲ್ಲ ಅಂತ ಅಳಿಲಿಗೆ ಗೊತ್ತಾದ ಮೇಲೆ

ಲಕ್ನೋ ಜೈಲಿನಲ್ಲಿ ಒಬ್ಬ ಕೈದಿ ಅಲ್ಲಾಡದೆ ಕೂತು ಓದುತ್ತಿದ್ದ. ಎಷ್ಟು ಹೊತ್ತು ಅಂದರೆ, ಒಂದು ಅಳಿಲು ಅವನ ಕಾಲು ಹತ್ತಿ, ಮೊಣಕಾಲಿನ ಮೇಲೆ ಕೂತು, ಅಲ್ಲಿಂದ ಆಚೀಚೆ ನೋಡುತ್ತಿತ್ತು. ಆಮೇಲೆ ತಲೆ ಎತ್ತಿ ಅವನ ಕಣ್ಣನ್ನು ನೋಡುತ್ತಿತ್ತು. ಆಗ ಗೊತ್ತಾಗುತ್ತಿತ್ತು ಅದಕ್ಕೆ, ಅಯ್ಯೋ, ಇದು ಮರ ಅಲ್ಲ ಅಂತ. ಒಂದು ಗಳಿಗೆ ಗರ ಬಡಿದ ಹಾಗೆ ಕೂತು, ಆಮೇಲೆ ಓಟ ಕೀಳುತ್ತಿತ್ತು.

ಆ ಕೈದಿ ಜವಾಹರಲಾಲ್ ನೆಹರು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಜೈಲಿನ ಪ್ರಾಣಿಗಳ ಬಗ್ಗೆಯೇ ಅದರಲ್ಲಿ ಒಂದು ಇಡೀ ಅಧ್ಯಾಯ ಇದೆ.

ನಿಜ ಹೇಳಬೇಕೆಂದರೆ ನೆಹರು ಅಂದರೆ ನನಗೆ ಬಹಳ ವರ್ಷ ಏನೂ ಅನ್ನಿಸುತ್ತಿರಲಿಲ್ಲ. ನವೆಂಬರ್ 14ಕ್ಕೆ ಶಾಲೆಯಲ್ಲಿ ಪೆಪ್ಪರ್‌ಮೆಂಟು ಕೊಡುತ್ತಿದ್ದರು, ಯಾರಾದರೂ ಒಬ್ಬ ಬೆಳ್ಳಗಿನ ಹುಡುಗನಿಗೆ ಟೋಪಿ ಹಾಕಿ ಎದೆಗೆ ಗುಲಾಬಿ ಸಿಕ್ಕಿಸಿ ನಿಲ್ಲಿಸುತ್ತಿದ್ದರು, ನಾನು ಕಪ್ಪಗಿದ್ದೆ, ನನಗೆ ಆ ಪಾತ್ರ ಸಿಗಲೇ ಇಲ್ಲ. ಅಷ್ಟೇ ನಮ್ಮ ಸಂಬಂಧ. ದೊಡ್ಡವನಾದ ಮೇಲೆ ನೆಹರು ಅಂದರೆ ಜಗಳ. ಫ್ಯಾಮಿಲಿ ಗ್ರೂಪಿನಲ್ಲಿ ಅವರ ಹೆಸರು ಬಂತು ಅಂದರೆ ಒಬ್ಬ ಮಾವ ಗ್ರೂಪ್ ಬಿಟ್ಟು ಹೋಗುತ್ತಾರೆ, ಅವರನ್ನು ಮತ್ತೆ ಸೇರಿಸುವ ಕೆಲಸ ನನ್ನ ಪಾಲಿಗೆ. ದೇಶದ ಎಲ್ಲ ಒಳ್ಳೆಯದಕ್ಕೂ ಇವರೇ ಕಾರಣ ಅನ್ನುವವರು ಒಂದು ಕಡೆ, ಎಲ್ಲ ಕೆಟ್ಟದ್ದಕ್ಕೂ ಇವರೇ ಅನ್ನುವವರು ಇನ್ನೊಂದು ಕಡೆ. ಮೇ 27, ಅವರು ತೀರಿಕೊಂಡ ದಿನ, ಸುಮ್ನೆ ಬಂದು ಹೋಗುತ್ತದೆ. ಈ ಸಲ ಆ ದಿನದ ಹೊತ್ತಿಗೆ ನಾನು ಆತ್ಮಕಥೆಯನ್ನು ಅರ್ಧ ಓದಿದ್ದೆ, ಅದೂ ರಾಜಕೀಯದ ಪುಟಗಳನ್ನು ಹಾರಿಸಿ ಹಾರಿಸಿ. ಹಾಗಾಗಿ ಇದು ಆ ಜಗಳಕ್ಕೆ ಉಪಯೋಗಕ್ಕೆ ಬರುವ ಬರಹ ಅಲ್ಲ.

1921ರಿಂದ 1945ರವರೆಗೆ ಒಂಬತ್ತು ಸಲ ಜೈಲಿಗೆ ಹೋದವರು ಅವರು. ಒಟ್ಟು ಲೆಕ್ಕ ಹಾಕಿದರೆ ಒಂಬತ್ತು ವರ್ಷಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಡೆಹ್ರಾಡೂನ್ ಜೈಲಿನ ಒಂದು ಸಣ್ಣ ಕೋಣೆಯಲ್ಲೇ ಹದಿನಾಲ್ಕೂವರೆ ತಿಂಗಳು ಒಂದೇ ಸಮನೆ ಕಳೆದಿದ್ದರು. ಸುಣ್ಣದ ಗೋಡೆಯ ಒಂದೊಂದು ಗೀರೂ ಗುರುತು, ನೆಲದ ಒಂದೊಂದು ತಗ್ಗೂ ಗುರುತು, ಹೊರಗಿನ ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಹುಲ್ಲಿನ ಗರಿಗೂ ಕಲ್ಲಿನ ಚೂರಿಗೂ ಹಳೇ ಸ್ನೇಹಿತರನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಿದ್ದರಂತೆ. ಕೋಣೆಯಲ್ಲಿ ಕಣಜದ ಹುಳುಗಳು ಗೂಡು ಕಟ್ಟಿದ್ದವು. ಒಂದು ದಿನ ಒಂದು ಕಚ್ಚಿತು. ಇವರಿಗೆ ಸಿಟ್ಟು ಬಂತು, ಎಲ್ಲವನ್ನೂ ಓಡಿಸುತ್ತೇನೆ ಅಂತ ಯುದ್ಧಕ್ಕೆ ನಿಂತರು. ಆದರೆ ಅವು ಮೊಟ್ಟೆ ಇದ್ದ ಗೂಡು ಬಿಡದೆ ಎದುರಿಸಿ ನಿಂತದ್ದು ನೋಡಿ ಇವರೇ ಸೋತರು. ನೀವು ನನ್ನ ತಂಟೆಗೆ ಬರಬೇಡಿ, ನಾನು ನಿಮ್ಮ ತಂಟೆಗೆ ಬರಲ್ಲ ಅಂತ ರಾಜಿ ಆಯಿತು. ಆಮೇಲೆ ಒಂದು ವರ್ಷಕ್ಕೂ ಜಾಸ್ತಿ ಜೊತೆಗೇ ಇದ್ದರು, ಒಂದೂ ಕಚ್ಚಲಿಲ್ಲ.

ನಾಯಿಮರಿಗಳೂ ಇದ್ದವು. ಜೈಲಿಗೆ ಹೇಗೋ ಸೇರಿಕೊಂಡ ಒಂದು ಹೆಣ್ಣು ನಾಯಿ ಮರಿ ಹಾಕಿತ್ತು. ಒಂದು ಮರಿಗೆ ಕಾಯಿಲೆ ಜೋರಾದಾಗ ರಾತ್ರಿ ಹತ್ತು ಹನ್ನೆರಡು ಸಲ ಎದ್ದು ನೋಡಿಕೊಂಡಿದ್ದಾರೆ. ಅದು ಬದುಕಿತು. ಇನ್ನೊಂದು ಜೈಲಿನಲ್ಲಿ ಮರದಿಂದ ಬಿದ್ದ ಅಳಿಲಿನ ಮೂರು ಮರಿಗಳನ್ನು ಜೊತೆಯ ಕೈದಿಯೊಬ್ಬರು ಸಾಕಿದರು, ಅಷ್ಟು ಚಿಕ್ಕ ಬಾಯಿಗೆ ಹಾಲು ಹಾಕುವುದು ಹೇಗೆ ಅನ್ನುವುದೇ ಸಮಸ್ಯೆ, ಕಡೆಗೆ ಪೆನ್ನಿಗೆ ಇಂಕು ತುಂಬುವ ಫಿಲ್ಲರಿನ ತುದಿಗೆ ಸ್ವಲ್ಪ ಹತ್ತಿ ಸುತ್ತಿ ಕುಡಿಸಿದರಂತೆ. ನಮ್ಮ ಕಾಲದ ಇಂಕ್ ಫಿಲ್ಲರ್ ನೆನಪಿದ್ದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಮತ್ತೊಂದು ದಿನ ಜೈಲಿನ ಬಾಗಿಲ ಹತ್ತಿರ ಒಬ್ಬ ವಿಚಿತ್ರ ಪ್ರಾಣಿಯೊಂದನ್ನು ಗಂಟು ಹಾಕಿ ಕೋಲಿಗೆ ಸಿಕ್ಕಿಸಿಕೊಂಡು ಹೊರಟಿದ್ದ. ಮೈತುಂಬ ಚಿಪ್ಪು, ಹಲ್ಲಿಗೂ ಮೊಸಳೆಗೂ ನಡುವಿನದ್ದು. ಏನು ಮಾಡ್ತೀಯ ಇದನ್ನ ಅಂತ ಕೇಳಿದರೆ ಅವನು ಬಾಯಿತುಂಬ ನಕ್ಕು ಭುಜ್ಜಿ, ಅಂದರೆ ಒಂಥರಾ ಪಲ್ಯ, ಮಾಡ್ತೀನಿ ಅಂದನಂತೆ. ಅದು ಚಿಪ್ಪುಹಂದಿ ಅಂತ ಆಮೇಲೆ ಒಂದು ಪುಸ್ತಕ ನೋಡಿ ತಿಳಿದುಕೊಂಡಿದ್ದಾರೆ.

ಎಲ್ಲ ಜೀವಿಗಳ ಮೇಲೂ ಪ್ರೀತಿ ಅಂತ ಸಂತನ ಹಾಗೆ ಬರೆದುಕೊಂಡಿಲ್ಲ, ಅದು ನನಗೆ ಇಷ್ಟ ಆಯಿತು. ಹಾವು ಕಂಡರೆ ಅಂಥ ಭಯ ಇಲ್ಲ, ಆದರೆ ಜರಿಹುಳ ಕಂಡರೆ ಆಗದು. ಕಲ್ಕತ್ತದ ಅಲಿಪುರ ಜೈಲಿನಲ್ಲಿ ರಾತ್ರಿ ಕಾಲ ಮೇಲೆ ಏನೋ ಹರಿದ ಹಾಗಾಗಿ ಟಾರ್ಚ್ ಹಾಕಿದರೆ ಹಾಸಿಗೆಯ ಮೇಲೆ ಜರಿಹುಳ. ಹಾರಿದ ರಭಸಕ್ಕೆ ಗೋಡೆಗೆ ಹೊಡೆದುಕೊಳ್ಳುವುದೊಂದು ಬಾಕಿ ಇತ್ತಂತೆ. ಬ್ರಿಟಿಷರಿಗೆ ಹೆದರದವರು!

ಆ ಅಧ್ಯಾಯವನ್ನು ಎರಡು ಸಲ ಓದಿದೆ. ಹೊರಗಿದ್ದಾಗ ಈ ಮನುಷ್ಯ ಸಭೆ, ರೈಲು, ಭಾಷಣ ಅಂತ ಓಡುತ್ತಿದ್ದವರು. ಅಲಹಾಬಾದಿನ ಆನಂದ ಭವನದ ಮರದಲ್ಲೂ ಅಳಿಲು ಇದ್ದಿರಬೇಕು, ನೋಡಲು ಪುರುಸೊತ್ತು ಎಲ್ಲಿತ್ತು? ಡೆಹ್ರಾಡೂನ್ ಜೈಲಿನ ಬಾಗಿಲಲ್ಲಿ ನಾಲ್ಕು ಅಶ್ವತ್ಥ ಮರಗಳಿದ್ದವು. ಬೋಳಾಗಿ ನಿಂತಿದ್ದವು ವಸಂತ ಬಂದ ತಕ್ಷಣ ಗುಟ್ಟಾಗಿ ಹೇಗೆ ಚಿಗುರಿದವು, ಮಾವಿನ ಎಳೆ ಎಲೆ ಮೊದಲು ಕೆಂಪು ಕಂದು ಇದ್ದದ್ದು ಆಮೇಲೆ ಹೇಗೆ ಹಸಿರಾಯಿತು, ಆ ಕೆಂಪು ನೋಡಿ ಕಾಶ್ಮೀರದ ಬೆಟ್ಟಗಳ ಶರತ್ಕಾಲ ಹೇಗೆ ನೆನಪಾಯಿತು, ಇದೆಲ್ಲ ಗೋಡೆಯ ಒಳಗೆ ಸಿಕ್ಕಿಕೊಂಡ ಮೇಲೆ ಕಂಡದ್ದು. ಮಾವಿನ ಚಿಗುರು ಕೆಂಪಾಗಿರುತ್ತದೆ ಅಂತ ನನಗೂ ಗೊತ್ತಿದೆ, ಮಲೆನಾಡಿನವನು ನಾನು. ಆದರೆ ನಾನು ಅದನ್ನು ಕಡೇ ಸಲ ನಿಂತು ನೋಡಿದ್ದು ಯಾವಾಗ ಅಂತ ಕೇಳಿದರೆ ಉತ್ತರ ಇಲ್ಲ.

ನೆಹರು ಅವರ ಮಗಳು ಇಂದಿರಾ ವಿಷಯದಲ್ಲೂ ಹೀಗೇ ಆಯಿತು ಅನ್ನುವುದು ನನ್ನ ಅನುಮಾನ. ಅಪ್ಪ ಮಗಳು ದೂರ ಆದ ಮೇಲೇ ಮಾತು ಶುರುವಾದದ್ದು.

ನನ್ನ ಮಗಳು ಹಾಸ್ಟೆಲಿನಲ್ಲಿದ್ದಾಳೆ, ಪಿಯುಸಿ. ದಿನಾ ರಾತ್ರಿ ಎಂಟಕ್ಕೆ ನಾನು "ಊಟ ಆಯ್ತಾ?" ಅಂತ ಕಳಿಸುತ್ತೇನೆ. ಅವಳು "ಹ್ಞೂಂ" ಅಂತ ಕಳಿಸುತ್ತಾಳೆ. ಫೋನ್ ಮೇಲಕ್ಕೆ ಎಳೆದು ನೋಡಿದರೆ ತಿಂಗಳುಗಟ್ಟಲೆ ಇದೇ ಇದೆ, ಊಟ ಆಯ್ತಾ, ಹ್ಞೂಂ, ಊಟ ಆಯ್ತಾ, ಹ್ಞೂಂ. ನಡುವೆ ಒಂದು ಕಡೆ ರೀಚಾರ್ಜ್ ಮಾಡಿಸಿ ಅಂತ ಇದೆ.

1928ರ ಬೇಸಿಗೆಯಲ್ಲಿ ಇಂದಿರಾ ಮಸ್ಸೂರಿಯಲ್ಲಿದ್ದಳು, ಹತ್ತು ವರ್ಷ. ಅಪ್ಪ ಕೆಳಗೆ ಅಲಹಾಬಾದಿನ ಸೆಕೆಯಲ್ಲಿ. ಆಗ ಬರೆಯಲು ಶುರು ಮಾಡಿದ ಪತ್ರಗಳು ಮುಂದಿನ ವರ್ಷ ಪುಸ್ತಕವಾದವು. ಹಿಂದಿಗೆ ಅನುವಾದ ಮಾಡಿದ್ದು ಪ್ರೇಮಚಂದ್. ಮೊದಲನೇ ಪತ್ರದಲ್ಲೇ ಒಂದು ಗುಂಡುಕಲ್ಲು ಬರುತ್ತದೆ. ಈ ಕಲ್ಲು ಯಾಕೆ ಗುಂಡಗಿದೆ, ಯಾಕೆ ನುಣ್ಣಗಿದೆ ಅಂತ ಯೋಚಿಸು ಅಂತಾರೆ ಮಗಳಿಗೆ. ದೊಡ್ಡ ಬಂಡೆಯನ್ನು ಒಡೆದರೆ ಚೂರುಗಳು ಚೂಪಾಗಿರುತ್ತವೆ, ಅಲ್ವಾ? ಹಾಗಾದರೆ ಇದಕ್ಕೆ ಏನಾಯಿತು? ಬೆಟ್ಟದ ಮೈಯಿಂದ ಮುರಿದು ಬಿತ್ತು, ಮಳೆ ಕೊಚ್ಚಿಕೊಂಡು ಹೋಯಿತು, ತೊರೆಗೆ ಬಿತ್ತು, ನದಿಗೆ ಬಂತು, ಉರುಳಿ ಉರುಳಿ ಮೂಲೆಗಳೆಲ್ಲ ಸವೆದವು. ನದಿ ಇನ್ನೂ ಮುಂದಕ್ಕೆ ಒಯ್ದಿದ್ದರೆ ಮರಳಾಗಿ ಹೋಗುತ್ತಿತ್ತು. ಕಲ್ಲು ತನ್ನ ಕಥೆಯನ್ನು ತಾನೇ ಹೇಳುತ್ತದೆ, ಓದಲು ಕಲಿ, ಅದೂ ಒಂದು ಪುಸ್ತಕ. ಎಷ್ಟು ಸುಲಭ ನೋಡಿ. ನನ್ನ ಮಗಳಿಗೆ ಹತ್ತು ವರ್ಷ ಆಗಿದ್ದಾಗ ಅವಳ ಚಡ್ಡಿ ಜೇಬಿನ ತುಂಬ ಕಲ್ಲು ಇರುತ್ತಿದ್ದವು. ವಾಷಿಂಗ್ ಮಷೀನ್ ಹಾಳಾಗುತ್ತೆ ಅಂತ ಬೈದು ಎಸೆದಿದ್ದೇನೆ.

ಎರಡು ವರ್ಷ ಆದ ಮೇಲೆ, 1930ರ ಅಕ್ಟೋಬರ್ 26ಕ್ಕೆ, ಮಗಳ ಹದಿಮೂರನೇ ಹುಟ್ಟುಹಬ್ಬ. ಇಂಗ್ಲಿಷ್ ಲೆಕ್ಕಕ್ಕೆ ಅವಳು ಹುಟ್ಟಿದ್ದು ನವೆಂಬರ್ 19, ಆದರೆ ಪಂಚಾಂಗದ ಲೆಕ್ಕದಲ್ಲಿ ಆ ವರ್ಷ ಅಕ್ಟೋಬರಿನಲ್ಲಿ ಬಂದಿತ್ತು. ವಿಜ್ಞಾನ ವಿಜ್ಞಾನ ಅನ್ನುತ್ತಿದ್ದ ಅಪ್ಪನೂ ಮಗಳ ಹುಟ್ಟುಹಬ್ಬಕ್ಕೆ ತಿಥಿ ನೋಡಿದ್ದರು! ಆಗ ಅವರು ನೈನಿ ಜೈಲಿನಲ್ಲಿದ್ದರು. ಜೈಲಿನಿಂದ ನಿನಗೆ ಏನು ಉಡುಗೊರೆ ಕಳಿಸಲಿ, ಕೈಯಲ್ಲಿ ಹಿಡಿಯುವಂಥದ್ದು ಕಳಿಸಲಾರೆ, ಈ ಎತ್ತರದ ಗೋಡೆಗಳೂ ತಡೆಯಲಾಗದ, ಮನಸ್ಸಿಗೆ ಸೇರಿದ ಏನಾದರೂ ಕಳಿಸಬೇಕು ಅನ್ನುವ ಅರ್ಥದಲ್ಲಿ ಆ ಪತ್ರ ಶುರುವಾಗುತ್ತದೆ. ಹಾಗೆ ಶುರುವಾದದ್ದು 1933ರ ಆಗಸ್ಟ್‌ವರೆಗೆ ನಡೆದು 196 ಪತ್ರ ಆಯಿತು. ಪ್ರಪಂಚದ ಇತಿಹಾಸ ಎಲ್ಲ ಅದರಲ್ಲಿದೆ. ಹತ್ತಿರ ಗ್ರಂಥಾಲಯ ಇಲ್ಲ, ಓದಿದಾಗ ಮಾಡಿಟ್ಟುಕೊಂಡ ಟಿಪ್ಪಣಿ ಇದೆ, ನೆನಪಿದೆ, ಅಷ್ಟೇ. ಎಷ್ಟೋ ಪತ್ರಗಳು ಬರೆದ ತಕ್ಷಣ ಅಂಚೆಗೂ ಹೋಗಲಿಲ್ಲ. ಮಗಳು ಓದುತ್ತಾಳೆ ಅನ್ನುವ ಒಂದೇ ಧೈರ್ಯದ ಮೇಲೆ ಬರೆಯುತ್ತಾ ಹೋಗಿದ್ದಾರೆ.

ಅಂದರೆ ಬಹಳ ಒಳ್ಳೆಯ ಅಪ್ಪನಾ? ಪತ್ರ ಓದಿದರೆ ಹೌದು ಅನ್ನಿಸುತ್ತದೆ. ಆದರೆ ಆ ಹುಡುಗಿಯ ಕಡೆಯಿಂದ ನೋಡಿ. ಅಪ್ಪ ಜೈಲು, 1931ರ ಹೊಸ ವರ್ಷದ ದಿನ ಅಮ್ಮನೂ ಜೈಲು, ಫೆಬ್ರವರಿಯಲ್ಲಿ ಅಜ್ಜ ಮೋತಿಲಾಲ್ ತೀರಿಕೊಂಡರು. ಆ ಹದಿಮೂರು ವರ್ಷದವಳಿಗೆ ಪ್ರಪಂಚದ ಇತಿಹಾಸ ಬೇಕಿತ್ತಾ, ಪಕ್ಕದಲ್ಲಿ ಕೂತು ಊಟ ಮಾಡುವ ಅಪ್ಪ ಬೇಕಿತ್ತಾ? ನಮ್ಮ ಮನೆಯವಳ ಹತ್ತಿರ ಇದನ್ನು ಹೇಳಿದಾಗ ಅವಳು, "ಅಷ್ಟು ದೂರ ಯಾಕೆ ಹೋಗ್ತೀರಿ, ಇಲ್ಲೇ ಕೇಳಿ" ಅಂದಳು.

ಕಮಲಾ ಅವರ ವಿಷಯ ಇನ್ನೂ ಕಷ್ಟ. 1916ರಲ್ಲಿ ಮದುವೆಯಾದಾಗ ಕಮಲಾಗೆ ಹದಿನಾರು. ಆಮೇಲೆ ಗಂಡ ಚಳವಳಿಗೆ ಬಿದ್ದರು, ಹೆಂಡತಿಯನ್ನು ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಕಮಲಾಗೆ ಕ್ಷಯ. 1934ರ ಆಗಸ್ಟಿನಲ್ಲಿ ಕಾಯಿಲೆ ಜೋರಾದಾಗ ನೆಹರು ಅವರನ್ನು ಹನ್ನೊಂದು ದಿನ ಬಿಟ್ಟು ಮತ್ತೆ ಒಳಗೆ ಹಾಕಿದರು. ಶಿಕ್ಷೆ ಮುಗಿಯುವವರೆಗೆ ರಾಜಕೀಯದ ತಂಟೆಗೆ ಹೋಗಲ್ಲ ಅಂತ ಒಂದು ಮಾತು ಕೊಟ್ಟರೆ ಬಿಡಬಹುದು ಅನ್ನುವ ಸೂಚನೆ ಬಂತು. ಒಂದು ಮಾತು. ಹೆಂಡತಿ ಸಾಯುತ್ತಿದ್ದಾಳೆ. ಮುಂದಿನ ಸಲ ನೋಡಲು ಹೋದಾಗ ಜ್ವರದಲ್ಲಿದ್ದ ಕಮಲಾ ಹತ್ತಿರಕ್ಕೆ ಕರೆದು ಕಿವಿಯಲ್ಲಿ, ಸರ್ಕಾರಕ್ಕೆ ಮಾತು ಕೊಡ್ತೀರಂತೆ, ಏನದು, ಕೊಡಬೇಡಿ ಅಂದರು.

ಇದನ್ನು ಓದಿ ಪುಸ್ತಕ ಮಡಚಿಟ್ಟು ಹೊರಗೆ ಹೋಗಿ ಬಂದೆ. ತ್ಯಾಗ ಗೀಗ ಅಂತ ದೊಡ್ಡ ಮಾತು ಹೇಳಲು ನನಗೆ ಮನಸ್ಸಿಲ್ಲ. ಕಮಲಾ ಹಾಗೆ ಹೇಳಿದ್ದು ದೊಡ್ಡದು, ಹೌದು. ಆದರೆ ಹಾಗೆ ಹೇಳಬೇಕಾದ ಪರಿಸ್ಥಿತಿಗೆ ಮೂವತ್ತೈದು ವರ್ಷದ ಆ ಹೆಂಗಸನ್ನು ತಂದು ನಿಲ್ಲಿಸಿದ್ದು ಬ್ರಿಟಿಷ್ ಸರ್ಕಾರ ಮಾತ್ರ ಅಲ್ಲ.

1935ರ ಸೆಪ್ಟೆಂಬರಿನಲ್ಲಿ ಅಲ್ಮೋರಾ ಜೈಲಿನಿಂದ ಬಿಡುಗಡೆ, ಅವಧಿಗೆ ಮುಂಚೆಯೇ, ಯಾಕೆಂದರೆ ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ ಕಮಲಾ ಸ್ಥಿತಿ ಕೈಮೀರಿತ್ತು. 1936ರ ಫೆಬ್ರವರಿ 28ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ತೀರಿಕೊಂಡರು. ಅಸ್ಥಿ ತೆಗೆದುಕೊಂಡು ವಿಮಾನದಲ್ಲಿ ವಾಪಸು ಬರುವಾಗ ದಾರಿಯಲ್ಲಿ ಬಾಗ್ದಾದಿನಿಂದ ನೆಹರು ಲಂಡನ್ನಿನ ಪ್ರಕಾಶಕರಿಗೆ ಒಂದು ತಂತಿ ಕಳಿಸಿದರು. ಅಚ್ಚಿಗೆ ಹೋಗಿದ್ದ ಆತ್ಮಕಥೆಗೆ ಅರ್ಪಣೆಯ ಸಾಲು ಅದು. ಈಗ ಇಲ್ಲದ ಕಮಲಾಗೆ, ಅಂತ. ಪತ್ರ ಬರೆಯುವುದರಲ್ಲಿ ಅಷ್ಟು ಜಾಣನಾದ ಮನುಷ್ಯನ ಹತ್ತಿರ ಆ ಹೊತ್ತಿಗೆ ಉಳಿದಿದ್ದದ್ದು ಅಷ್ಟೇ ಶಬ್ದ.

ಅಹಮದ್‌ನಗರ ಕೋಟೆಯ ಜೈಲಿನ ಬಗ್ಗೆ ಜಾಸ್ತಿ ಹೇಳಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. 1942ರಿಂದ ಮೂರು ವರ್ಷದ ಹತ್ತಿರ ಹತ್ತಿರ ಅಲ್ಲಿದ್ದರು, ಡಿಸ್ಕವರಿ ಆಫ್ ಇಂಡಿಯಾ ಅನ್ನುವ ದೊಡ್ಡ ಪುಸ್ತಕವನ್ನು ಅಲ್ಲೇ ಐದು ತಿಂಗಳಲ್ಲಿ ಬರೆದರು. ನನಗೆ ಹಿಡಿಸಿದ್ದು ಪುಸ್ತಕ ಬರೆಯುವ ಮುಂಚೆ ಮಾಡಿದ ಕೆಲಸ. ಸುಡು ಬಿಸಿಲಿನಲ್ಲೂ ಗಂಟೆಗಟ್ಟಲೆ ಅಗೆದು ಹೂವಿನ ಪಾತಿ ಮಾಡುತ್ತಿದ್ದರು. ಮಣ್ಣೋ, ಬರೀ ಕಲ್ಲು, ಹಳೇ ಕಟ್ಟಡಗಳ ಕಸ. ಅಗೆಯುತ್ತಾ ಹೋದರೆ ಹಳೇ ಗೋಡೆಗಳು ಸಿಕ್ಕವು. ಗಿಡ ನೆಡಲು ಹೋದವರು ಇತಿಹಾಸ ಅಗೆದು ಹಾಕಿದರು.

ಇನ್ನು ಆನೆಯ ಕಥೆ. ಇದನ್ನು ಹೇಳದಿದ್ದರೆ ಕನ್ನಡದವನಾಗಿ ನನಗೆ ಸಮಾಧಾನ ಇಲ್ಲ. ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಯೆನೋ ಮೃಗಾಲಯದ ಆನೆಗಳನ್ನು ಊಟ ಕೊಡದೆ ಸಾಯಿಸಿದ್ದರು, ಬಾಂಬು ಬಿದ್ದು ತಪ್ಪಿಸಿಕೊಂಡರೆ ಅನ್ನುವ ಹೆದರಿಕೆಯಿಂದ. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳಿಗೆ ಆನೆ ನೋಡುವ ಆಸೆ. ನೂರಾರು ಮಕ್ಕಳು ಪತ್ರ ಬರೆದರು, ಅವು ಭಾರತದ ಪ್ರಧಾನಿಯ ಮೇಜಿಗೆ ಬಂದವು. 1949ರ ಸೆಪ್ಟೆಂಬರಿನಲ್ಲಿ ಹದಿನೈದು ವರ್ಷದ ಒಂದು ಹೆಣ್ಣಾನೆ ಟೋಕಿಯೋ ಮುಟ್ಟಿತು. ಹೆಸರು ಇಂದಿರಾ, ಮಗಳ ಹೆಸರೇ. ಜೊತೆಗೆ ಮಕ್ಕಳಿಗೆ ಒಂದು ಪತ್ರ. ಇದು ನಾನು ಕೊಟ್ಟದ್ದು ಅಂದುಕೊಳ್ಳಬೇಡಿ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದು ಅಂತ. ಆನೆ ಹೋದದ್ದು ನಮ್ಮ ಮೈಸೂರು ಸೀಮೆಯಿಂದ. ಅದಕ್ಕೆ ಬರುತ್ತಿದ್ದದ್ದು ಕನ್ನಡ! ಜಪಾನಿನ ಆನೆ ನೋಡಿಕೊಳ್ಳುವವರು ನಮ್ಮ ಮಾವುತರ ಹತ್ತಿರ ಕೂತು ಅದಕ್ಕೆ ಅರ್ಥವಾಗುವ ಮಾತು ಕಲಿಯಬೇಕಾಯಿತು. 1983ರವರೆಗೆ ಬದುಕಿತ್ತು ಆ ಆನೆ. ಈ ಕಥೆಯನ್ನು ಮಗಳಿಗೆ ಫೋನಿನಲ್ಲಿ ಹೇಳಿದಾಗ ಮೊದಲನೇ ಸಲ ಅವಳು ಹ್ಞೂಂ ಬಿಟ್ಟು ಬೇರೆ ಏನೋ ಅಂದಳು. "ಪಾಪ, ಅದಕ್ಕೆ ಅಲ್ಲಿ ಮಾತಾಡಕ್ಕೆ ಯಾರೂ ಇರ್ಲಿಲ್ವಾ?" ನನಗೆ ತಮಾಷೆಯಾಗಿ ಕಂಡದ್ದು ಅವಳಿಗೆ ಹಾಗೆ ಕಂಡಿತ್ತು. ಹಾಸ್ಟೆಲಿನಲ್ಲಿ ಅವಳ ರೂಮಿನಲ್ಲಿ ಕನ್ನಡದವರು ಯಾರೂ ಇಲ್ಲ.

ಈಗ ನನ್ನ ಅಜ್ಜನ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜನ ಗದ್ದೆ, ತೋಟ, ಮನೆ ಎಲ್ಲ ಒಂದು ಆಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು, ಅರವತ್ತರ ದಶಕದ ಶುರುವಿನಲ್ಲಿ. ಆ ಕಾಲಕ್ಕೆ ಆಣೆಕಟ್ಟು ಅಂದರೆ ದೇವಸ್ಥಾನ. 1954ರಲ್ಲಿ ಪಂಜಾಬಿನ ನಂಗಲ್‌ನಲ್ಲಿ ನಿಂತು ನೆಹರು ಹಾಗೇ ಹೇಳಿದ್ದರು, ಗುಡಿ, ಗುರುದ್ವಾರ, ಮಸೀದಿ, ಎಲ್ಲಕ್ಕಿಂತ ಇದೇ ದೊಡ್ಡದು ಅಂತ. ಒಂದು ಕಣಜದ ಗೂಡು ಕೀಳಲು ಕೈ ಬಾರದ ಮನುಷ್ಯನಿಗೆ ಇಡೀ ಕಣಿವೆ ಮುಳುಗುವುದು ಕಾಣಲಿಲ್ಲವಾ? ಕಂಡಿತ್ತು ಅನ್ನುವುದಕ್ಕೂ ಆಧಾರ ಇದೆ, 1958ರಲ್ಲಿ ನೀರಾವರಿ ಎಂಜಿನಿಯರುಗಳ ಮುಂದೆಯೇ ಮಾತಾಡುತ್ತಾ, ದೊಡ್ಡದು ದೊಡ್ಡದು ಅನ್ನುವ ರೋಗ ಹತ್ತಿದೆ ನಮಗೆ ಅಂತ ಅಂದಿದ್ದಾರೆ. ಅಂದರು, ಅಷ್ಟೇ. ಕೆಲಸ ನಡೆಯಿತು. ಅದರ ಕರೆಂಟಿನಲ್ಲೇ ನಾನು ಓದಿದೆ, ಅದನ್ನೂ ಹೇಳಬೇಕು.

ಹೊಸ ಊರಿನ ಮನೆಯ ಗೋಡೆಯ ಮೇಲೆ ಅಜ್ಜ ಒಂದು ನೆಹರು ಫೋಟೋ ಹಾಕಿಕೊಂಡಿದ್ದರು, ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಹೈಸ್ಕೂಲಿನಲ್ಲಿದ್ದಾಗ ನನಗೆ ಬುದ್ಧಿ ಬಂತು ಅಂದುಕೊಂಡು ಕೇಳಿದ್ದೆ, ಅಜ್ಜ, ಮುಳುಗಿಸಿದವರ ಫೋಟೋ ಯಾಕೆ ಇಟ್ಕೊಂಡಿದ್ದೀರಿ ಅಂತ. ಅಜ್ಜ ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ. "ತೆಗೆದ್ರೆ ಗೋಡೆ ಮೇಲೆ ಚೌಕದ ಕಲೆ ಕಾಣ್ತದೆ ಮಾರಾಯ. ಇರ್ಲಿ ಬಿಡು."

ನೆಹರು 1954ರಲ್ಲಿ ಬರೆದಿಟ್ಟ ಉಯಿಲಿನಲ್ಲಿ ತನ್ನ ಬೂದಿಯ ಬಗ್ಗೆ ಹೇಳಿದ್ದಾರೆ. ಒಂದು ಹಿಡಿ ಅಲಹಾಬಾದಿನಲ್ಲಿ ಗಂಗೆಗೆ. ಧರ್ಮಕ್ಕಾಗಿ ಅಲ್ಲ, ಚಿಕ್ಕಂದಿನಿಂದ ನೋಡಿದ ನದಿ ಅದು, ಬೆಳಗಿನ ಬಿಸಿಲಿಗೆ ಒಂದು ಥರ, ಸಂಜೆಗೆ ಒಂದು ಥರ, ಚಳಿಗಾಲಕ್ಕೆ ಸಣಕಲು, ಮಳೆಗಾಲಕ್ಕೆ ಸಮುದ್ರ, ಹಿಮಾಲಯದ ನೆನಪು ತರುವಂಥದ್ದು ಅಂತ. ಆ ಹಿಮಾಲಯ ದಾಟಿ ಮಾನಸ ಸರೋವರಕ್ಕೆ ಹೋಗಬೇಕು ಅಂತ ವಯಸ್ಸಿನಲ್ಲಿ ಕನಸು ಕಂಡವರು, ಹೋಗಲು ಆಗಲೇ ಇಲ್ಲ. 1962ರ ಹೊತ್ತಿಗೆ ಅದೇ ಬೆಟ್ಟಗಳ ಕಡೆಯಿಂದ ಬಂದ ಚೀನಾ ಯುದ್ಧದ ಪೆಟ್ಟು ಅವರನ್ನು ಕುಗ್ಗಿಸಿತು. ಧಾರ್ಮಿಕ ವಿಧಿ ಬೇಡ ಅಂತಲೂ ಬರೆದಿದ್ದರು, ಅದನ್ನು ಯಾರೂ ಕೇಳಲಿಲ್ಲ. ಉಳಿದ ಬೂದಿಯನ್ನು ವಿಮಾನದಲ್ಲಿ ಒಯ್ದು ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಿ ಅಂದಿದ್ದರು, ಅದನ್ನು ಮಾಡಿದರು. 1964ರಲ್ಲಿ. ಅಜ್ಜನ ಗದ್ದೆ ಆಗ ನೀರಿನ ಕೆಳಗೆ ಇತ್ತು.

ಮೇ ತಿಂಗಳ ಕಡೆಯಲ್ಲಿ ಹಿನ್ನೀರು ಪೂರ್ತಿ ಇಳಿದಿರುತ್ತದೆ. ಈ ಸಲ ಹೋಗಿದ್ದೆ. ಹಳೇ ಮನೆಯ ಅಡಿಪಾಯ ಕಾಣುತ್ತದೆ, ಬಾವಿಯ ಕಟ್ಟೆ ಅರ್ಧ ಇದೆ, ಮರದ ಬೊಡ್ಡೆಗಳು ಕಪ್ಪಗೆ ನಿಂತಿವೆ. ಕೆಸರು ಒಣಗಿ ಬಿರಿದಿತ್ತು. ಅಲ್ಲಿ ಒಂದು ಕೆಂಪು ಗುಂಡುಕಲ್ಲು ಸಿಕ್ಕಿತು, ಅಂಗೈಯಷ್ಟು, ನುಣ್ಣಗೆ. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಕೆಳಗೆ ಬರೆದೆ, ಇದು ಯಾಕೆ ಗುಂಡಗಿದೆ ಹೇಳು ನೋಡೋಣ, ಬೆಟ್ಟದಿಂದ ಮುರಿದು ಬಿದ್ದು, ಹೊಳೆಯಲ್ಲಿ ಉರುಳಿ, ಅಂತ ನೆಹರು ಅವರದ್ದನ್ನೇ ಕದ್ದು ಉದ್ದಕ್ಕೆ. ಅಲ್ಲಿ ನೆಟ್‌ವರ್ಕ್ ಇಲ್ಲ. ದಿಬ್ಬ ಹತ್ತಿ ಬಂದ ಮೇಲೆ ಹೋಯಿತು.

ಅರ್ಧ ಗಂಟೆ ಬಿಟ್ಟು ಉತ್ತರ ಬಂತು.

"ಅಪ್ಪ, ಝೂಮ್ ಮಾಡಿ ನೋಡಿ. ಒಂದು ಕಡೆ ಗೆರೆ ಗೆರೆ ಇದೆ. ಅದು ಕಲ್ಲಲ್ಲ, ಹೆಂಚು. ಮುತ್ತಜ್ಜನ ಮನೇದು. ಎಸೀಬೇಡಿ, ರಜಕ್ಕೆ ಬಂದಾಗ ನನಗೆ ಬೇಕು."